ಒಲೆಗೆ ಮುಟ್ಟುವ ಪ್ಯಾಕು

ನಮ್ಮ ಊರಿನಲ್ಲಿ ರಿಪೇರಿಗೆ ಬರುವ ಮೊಬೈಲುಗಳಲ್ಲಿ ಮುಕ್ಕಾಲು ಪಾಲು ಗಂಜಿ ಕುಡಿದಂಥವು. ದಸ್ತಗೀರ ಅವನ್ನು ಬಿಚ್ಚಿ, ಒಳಗೆ ಒಣಗಿ ಅಂಟಿದ ಗಂಜಿಯನ್ನು ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿ ತೆಗೆದು, ಸ್ವಲ್ಪ ದೂರ ಹಿಡಿಯಬಾರದೇ ಎಂದು ಬೈದು ವಾಪಸು ಕೊಡುತ್ತಾನೆ. ದೂರ ಹಿಡಿದರೆ ಒಲೆಗೆ ಕೇಳಿಸಬೇಕಲ್ಲ? ಅವನ ಮನೆಯಲ್ಲಿ ಎಲ್ಲರೂ ಊರಲ್ಲೇ ಇರುವವರು, ಸಂಜೆಗೆ ಸುತ್ತ ಕೂತು ಬಾಯಿಂದಲೇ ಹೇಳುತ್ತಾರೆ, ಅವನಿಗೇನು ಗೊತ್ತು. ಪೇಟೆಯಿಂದ ತಡವಾಗಿ ಬರುವ ಗಂಡ, ಹಾಸ್ಟೆಲಿನಲ್ಲಿರುವ ಮಗಳು ಇದ್ದವರನ್ನು ಕೇಳಬೇಕು. ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿಯಲ್ಲಿ ಬಂದು ನಿಂತರೆ ಪ್ರತಿ ಅಡುಗೆಮನೆಯ ಕಿಟಕಿಯಿಂದಲೂ ಸ್ಪೀಕರಿನ ಸದ್ದು ಬರುತ್ತದೆ. ಹಾಕು, ಹಾಕು, ಹ್ಞೂಂ ಹಾಕು, ಮೀಟಿಂಗಿನಲ್ಲಿದ್ದೀನಿ ಹಾಕು. ಮನೆಯ ಅಷ್ಟೂ ಜನ ಹಾಕು ಅಂದ ಮೇಲೆ ಸಂಜೆಯ ಅಕ್ಕಿ ಬೇಯುತ್ತದೆ. ಒಬ್ಬರು ಉಳಿದರೂ ನೀರು ಕುದಿಯುತ್ತದೆ, ಅಕ್ಕಿ ಮಾತ್ರ ಹಾಕಿದ ಹಾಗೇ ಇರುತ್ತದೆ. ಗ್ಯಾಸಿನ ಒಲೆಯಾಗಲಿ, ಕಟ್ಟಿಗೆಯದಾಗಲಿ, ಕರೆಂಟಿನದಾಗಲಿ, ಎಲ್ಲವೂ ಒಂದೇ ಜಾತಿ. ಎಳೆಗೂಸು ಕುಂಯ್ ಅಂದರೆ ನಡೆಯುತ್ತದೆ, ಮಾತು ಬಾರದವರು ತಟ್ಟೆ ತಟ್ಟಿದರೂ ಆದೀತು. ಆದರೆ ರೆಕಾರ್ಡು ಮಾಡಿಟ್ಟ ಮಾತಿಗೆ ಒಲೆ ಕಿವಿ ಕೊಡುವುದಿಲ್ಲ. ಬೇರೆಯವರ ಫೋನಿನಿಂದ ಬಂದ ಮಾತನ್ನೂ ಕೇಳುವುದಿಲ್ಲ. ಸ್ವಂತದ್ದೇ ಆಗಬೇಕು.

ಹಾಗಾದರೆ ಒಂದು ದಿನ ಅನ್ನ ಬಿಟ್ಟು ರೊಟ್ಟಿ ತಿಂದರಾಯಿತು ಎಂದು ಪರಊರಿನ ಬೀಗರು ನಗುತ್ತಾರೆ. ತಿನ್ನುತ್ತೇವೆ, ನಮಗೇನು ರೊಟ್ಟಿ ಬರುವುದಿಲ್ಲವೇ? ಹೆದರಿಕೆ ಬೇಯದ ಅಕ್ಕಿಯದಲ್ಲ, ಬೇಯುವ ಅಕ್ಕಿಯದು. ಒಬ್ಬರ ಮಾತು ಬಾರದೆ ಮೂರು ಸಂಜೆ ಅಕ್ಕಿ ಹಾಗೇ ಕೂತಿತೆನ್ನಿ, ನಾಲ್ಕನೆಯ ಸಂಜೆ ಉಳಿದವರು ಹಾಕು ಅಂದರೆ ಅದು ಬೆಂದುಬಿಡುತ್ತದೆ. ಅಂದರೆ ಒಲೆ ಆ ಒಬ್ಬರನ್ನು ಬಿಟ್ಟಿತು ಎಂದು ಅರ್ಥ. ಬಿಟ್ಟವರನ್ನು ಒಂದು ಸಲ ಮಾತ್ರ ಮರಳಿ ತೆಗೆದುಕೊಳ್ಳುತ್ತದೆ. ಎರಡನೆಯ ಸಲ ಬಿಟ್ಟರೆ ಮುಗಿಯಿತು. ಆಮೇಲೆ ಆ ಮನೆಯ ಅನ್ನ ಅವರ ತಟ್ಟೆಗೆ ಬಿದ್ದ ಕೂಡಲೇ ತಿರುಗಿ ಅಕ್ಕಿಯಾಗುತ್ತದೆ. ಬಳೆ ಅಂಗಡಿಯವರ ತಮ್ಮ ಹಾಗೇ ಇದ್ದಾನೆ. ಪಡಸಾಲೆಯಲ್ಲಿ ಮಲಗುತ್ತಾನೆ, ಖಾನಾವಳಿಯಲ್ಲಿ ಉಣ್ಣುತ್ತಾನೆ, ಅಣ್ಣನ ಮಕ್ಕಳು ಅವನನ್ನು ಚೆನ್ನಾಗಿಯೇ ಮಾತಾಡಿಸುತ್ತಾರೆ. ಆದರೂ ಅವನು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಇದಕ್ಕೆ ಹೆದರಿ ಒಲೆಯನ್ನೇ ಹಚ್ಚದೆ ಇರುತ್ತೇವೆ ಅಂದರೆ ಅದೂ ಆಗದು. ಸಂಜೆ ಅಕ್ಕಿ ಇಡದ ಮನೆಯಲ್ಲಿ ಮತ್ತೆ ಎಂದೆಂದಿಗೂ ಅನ್ನವಾಗುವುದಿಲ್ಲ. ಮೇಲಿನ ಓಣಿಯಲ್ಲಿ ಅಂಥದೊಂದು ಮನೆ ಖಾಲಿ ಬಿದ್ದಿದೆ.

ಇಷ್ಟೆಲ್ಲ ಹೇಳಿದ್ದು ನನ್ನ ನಾದಿನಿ ಮಂದಾಕಿನಿಯವರಿಗಾಗಿ. ನನ್ನ ಗಂಡನ ಅಕ್ಕ, ನಾವೆಲ್ಲ ಮಂದಕ್ಕ ಎನ್ನುತ್ತೇವೆ. ಹೊರಗಿನ ಊರಿಗೆ ಮದುವೆಯಾಗಿ ಹೋದಾಗ ಎಲ್ಲ ಹೆಣ್ಣುಮಕ್ಕಳ ಹಾಗೆ ಈ ಒಲೆಯನ್ನು ಬಿಟ್ಟಿದ್ದರು. ಆ ಗಂಡ ಎಂಥವನೆಂದು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಎರಡು ವರ್ಷಕ್ಕೆ ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಮರಳಿ ಬಂದರು. ಮಾವನವರು ಬಾಗಿಲಲ್ಲಿ ನಿಂತು ಒಂದು ಮಾತೂ ಆಡಲಿಲ್ಲವಂತೆ. ಇವರೇ ಸೀದಾ ಅಡುಗೆಮನೆಗೆ ಹೋಗಿ ಹಾಕು ಅಂದರಂತೆ, ಒಲೆ ಕೇಳಿತಂತೆ. ಅಲ್ಲಿಗೆ ಅವರ ಒಂದು ಸಲ ಖರ್ಚಾಯಿತು. ಆಮೇಲೆ ಅವರು ಈ ಊರು ಬಿಟ್ಟು ಒಂದು ರಾತ್ರಿ ಕೂಡ ಹೊರಗೆ ಉಳಿದವರಲ್ಲ. ಓಣಿಯ ಹುಡುಗಿಯರಿಗೆಲ್ಲ ಹೊಲಿಗೆ ಕಲಿಸಿದರು. ನಾನು ಸೊಸೆಯಾಗಿ ಬಂದಾಗ ನನ್ನ ರವಿಕೆಯ ತೋಳು ನೋಡಿ, ಯಾವ ಕುರುಡ ಹೊಲಿದಾನ ಇದನ್ನ ಎಂದು ಬಿಚ್ಚಿಸಿ ಮತ್ತೆ ಹೊಲಿದುಕೊಟ್ಟರು. ನನಗೂ ಅವರಿಗೂ ದಿನ ಬೆಳಗಾದರೆ ಜಗಳ. ಉಪ್ಪು ಎಷ್ಟು, ಹಾಲು ಯಾವಾಗ ಕಾಯಿಸಬೇಕು, ಎಲ್ಲದಕ್ಕೂ. ಆದರೆ ಅವರಿಲ್ಲದ ಅಡುಗೆಮನೆಯಲ್ಲಿ ನಾನು ಯಾರ ಜೊತೆ ಜಗಳವಾಡಲಿ? ನನಗೆ ಅವರೆಂದರೆ ಪ್ರೀತಿ, ಇದರಲ್ಲಿ ಮುಚ್ಚುಮರೆ ಏನಿಲ್ಲ.

ಅವರ ಹತ್ತಿರ ಒಂದು ಹಳೆಯ ಕ್ಯಾಲೆಂಡರ್ ಚಿತ್ರವಿತ್ತು, ದಾರದ ಕಂಪನಿಯೊಂದು ಕೊಟ್ಟದ್ದು. ಯಾವುದೋ ಪರದೇಶದ ಹಿಮದ ಬೆಟ್ಟ, ಕೆಳಗೆ ಒಂದು ಕೆರೆ, ಕೆರೆಯ ದಂಡೆಯಲ್ಲಿ ಒಂದು ಹಸು. ಆ ಚಿತ್ರವನ್ನೇ ದಿಂಬಿನ ಚೀಲದ ಮೇಲೆ, ಮೇಜಿನ ಬಟ್ಟೆಯ ಮೇಲೆ ಕಸೂತಿ ಹಾಕಿ ಹಾಕಿ ಅರ್ಧ ಊರಿಗೆ ಹಂಚಿದ್ದಾರೆ. ಕೆರೆಗೆ ಸರಿಯಾದ ನೀಲಿ ದಾರ ಸಿಗಲಿಲ್ಲವೆಂಬ ಕೊರಗು ಮಾತ್ರ ಹಾಗೇ ಇತ್ತು. ಅಂಥ ನೀಲಿ ನಿಜವಾಗಿಯೂ ಇದೆಯೋ ಅಥವಾ ಅಚ್ಚು ಹಾಕಿದವರ ಕೈಚಳಕವೋ ಎಂದು ನನ್ನನ್ನು ಕೇಳುತ್ತಿದ್ದರು, ನಾನೇನೋ ಆ ದೇಶದಲ್ಲಿ ಹುಟ್ಟಿದವಳ ಹಾಗೆ. ಹೀಗಿರುವಾಗ ಪ್ರವಾಸದ ಕಂಪನಿಯವರು ಊರಿಗೆ ಬಂದು ಹೆಂಗಸರದೇ ಒಂದು ಗುಂಪು ಕಟ್ಟಿದರು. ಪೂರಾ ಮೂರು ವಾರ, ಅದೇ ದೇಶ, ಹಿಮದ ಬೆಟ್ಟ, ಕೆರೆ, ಎಲ್ಲ. ಮಂದಕ್ಕ ನಮ್ಮ ಯಾರನ್ನೂ ಕೇಳದೆ ಹೆಸರು ಬರೆಸಿ ಬಂದು, ಆಮೇಲೆ ಅಡುಗೆಮನೆಯಲ್ಲಿ ನಿಂತು, ಹೋಗಬೇಕಂತ ಅನಿಸೇದ, ಏನಂತೀರಿ ಎಂದು ಕೇಳಿದರು.

ಏನು ಅನ್ನುವುದು? ಮಾವನವರು ಹುಚ್ಚು ಹಿಡಿದಿದೆ ಅಂದರು. ನಮ್ಮವರು ಒಲೆಯ ಕಡೆ ನೋಡಿದರು. ಹಿಮ ನೋಡಲು ಹೋಗಿ ಮನೆ ಕಳೆದುಕೊಂಡರೆ ಏನು ಗತಿ ಎಂಬುದು ಎಲ್ಲರ ಮನಸ್ಸಿನಲ್ಲೂ ಇತ್ತು. ಕೊನೆಗೆ ನನ್ನ ಮಗಳು ಶಾಲ್ಮಲಿ, ಕಾಲೇಜಿಗೆ ಹೋಗುವವಳು, ರೋಮಿಂಗ್ ಪ್ಯಾಕು ಹಾಕಿಸಿದರಾಯಿತು, ಅತ್ತೆ ದಿನಾ ಅಲ್ಲಿಂದಲೇ ಹಾಕು ಅನ್ನುತ್ತಾರೆ ಎಂದಳು. ಇಷ್ಟು ಸುಲಭವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಸುಲಭ ಅಂದದ್ದು ನಾನೇ, ಮರುದಿನ ದಸ್ತಗೀರನ ಅಂಗಡಿಗೆ ಹೋಗುವವರೆಗೆ.

ನಾವು ಐದೂ ಜನ ಹೋದೆವು. ನಮ್ಮ ಊರಿನಲ್ಲಿ ಸೊಪ್ಪಿನ ಕಟ್ಟು ಕೊಳ್ಳಲಿಕ್ಕೂ ಮನೆ ಮಂದಿಯೆಲ್ಲ ಹೋಗುತ್ತೇವೆ. ಒಬ್ಬರು ಒಲ್ಲೆ ಅಂದರೆ ಆ ಸೊಪ್ಪು ಬರುವುದಿಲ್ಲ. ಒಲೆಯಿಂದ ಬಂದ ಅಭ್ಯಾಸವೋ ಏನೋ, ಒಬ್ಬರೇ ನಿರ್ಧಾರ ಮಾಡುವುದು ನಮಗೆ ಕೈ ಬರುವುದಿಲ್ಲ. ದಸ್ತಗೀರ ನಮ್ಮನ್ನು ಕೂರಿಸಿ ದೇಶ ಯಾವುದು, ಎಷ್ಟು ದಿನ, ಡೇಟಾ ಎಷ್ಟು ಬೇಕು ಎಂದು ಕೇಳಿದ. ನಮ್ಮವರು ದಿನಕ್ಕೆ ಒಂದು ಮಾತು ಸಾಕು ಅಂದರು. ಒಂದು ಮಾತಿನ ಪ್ಯಾಕು ಜಗತ್ತಿನಲ್ಲಿ ಯಾರೂ ಮಾಡಿಲ್ಲವಂತೆ. ಇದ್ದದ್ದೆಲ್ಲ ಊರಿಗೆ ಊರೇ ಮಾತಾಡಿದರೂ ಮುಗಿಯದಂಥವು, ಇಲ್ಲವೇ ಮಾತೇ ಇಲ್ಲದಂಥವು. ಒಂದರಲ್ಲಿ ಮಾತಿನ ನಿಮಿಷಗಳಿವೆ, ಡೇಟಾ ಇಲ್ಲ. ಇನ್ನೊಂದರಲ್ಲಿ ಬರೀ ಡೇಟಾ, ಅದರ ಮೇಲೆ ಆ್ಯಪ್ ಹಾಕಿಕೊಂಡು ಮಾತಾಡಬೇಕು. ಮತ್ತೊಂದರಲ್ಲಿ ಮಂದಕ್ಕ ಫೋನು ಮಾಡಿದರೆ ದುಡ್ಡು, ನಾವು ಮಾಡಿದರೆ ಪುಕ್ಕಟೆ. ಒಂದರ ಪಟ್ಟಿಯಲ್ಲಿ ಆ ದೇಶವಿದೆ, ಆದರೆ ಪಕ್ಕದ ದೇಶವಿಲ್ಲ, ಬಸ್ಸು ಮಧ್ಯಾಹ್ನದ ಊಟಕ್ಕೆ ಗಡಿ ದಾಟಿ ಹೋಗುತ್ತದಂತೆ. ಊಟಕ್ಕೆ ದೇಶ ಬಿಟ್ಟು ದೇಶಕ್ಕೆ ಯಾಕೆ ಹೋಗುತ್ತಾರೆ ಎಂದು ನಾನು ಕೇಳಿದೆ. ಅನ್‌ಲಿಮಿಟೆಡ್ ಎಂದು ಬರೆದದ್ದೊಂದಿತ್ತು. ಅದನ್ನೇ ಕೊಡಪ್ಪ ಅಂದೆ.

"ಅನ್‌ಲಿಮಿಟೆಡ್ ಅಂದ್ರ ಮಿತಿ ಇಲ್ಲ ಅಂತಲ್ರಿ ವೈನಿ," ದಸ್ತಗೀರ ತಲೆ ಕೆರೆದುಕೊಂಡ. "ಮಿತಿ ಮುಗಿದ ಮ್ಯಾಲೂ ನಡೀತೈತಿ. ಆದ್ರ ನಡಿಯೂದಿಲ್ಲ."

ಆಣೆ ಮಾಡಿ ಹೇಳುತ್ತೇನೆ, ಅಂದಿನಿಂದ ಇಂದಿನವರೆಗೆ ಆ ಮಾತು ನನಗೆ ತಿಳಿದಿಲ್ಲ. ಅವನಿಗಾದರೂ ತಿಳಿದಿತ್ತೋ ಇಲ್ಲವೋ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ನಮ್ಮವರಿಗೆ ನಿಮಿಷಗಳ ಪ್ಯಾಕೇ ಬೇಕು, ಮಾತು ಮಾತಾಗಿಯೇ ಬರಬೇಕು, ಡೇಟಾ ಆಗಿ ಬಂದದ್ದನ್ನು ಒಲೆ ಒಪ್ಪಲಿಕ್ಕಿಲ್ಲ ಎಂದು ವಾದ. ಶಾಲ್ಮಲಿ ಈಗ ಎಲ್ಲ ಮಾತೂ ಡೇಟಾನೇ ಎಂದು ಕೂತಳು. ಸರಿ, ನೋಡಿಯೇ ಬಿಡೋಣ ಎಂದು ಆ ಸಂಜೆ ಅವಳನ್ನು ಮಾಳಿಗೆಯ ಮೇಲೆ ಕಳಿಸಿ ಆ್ಯಪಿನಿಂದ ಹಾಕು ಅನ್ನಿಸಿದೆವು. ಅನ್ನವಾಯಿತು. ಆದರೆ ಒಲೆ ಕೇಳಿದ್ದು ಫೋನಿನ ಮಾತನ್ನೋ ಮಾಳಿಗೆಯಿಂದ ನೇರವಾಗಿ ಬಂದ ಗಂಟಲನ್ನೋ? ಮರುದಿನ ಬಸ್ ಸ್ಟ್ಯಾಂಡಿಗೆ ಓಡಿಸಿದೆವು. ಆಗಲೂ ಆಯಿತು. ಬಸ್ ಸ್ಟ್ಯಾಂಡಿನಿಂದ ಬಂದದ್ದು ಸಮುದ್ರ ದಾಟಿ ಬರುತ್ತದೆಂದು ಯಾವ ಗ್ಯಾರಂಟಿ ಎಂದು ನಮ್ಮವರು ಮತ್ತೆ ಎತ್ತಿದರು. ಮಾವನವರದು ಮೂರನೆಯ ದಾರಿ, ನಾವೇ ಫೋನು ಮಾಡುವ ಪುಕ್ಕಟೆ ಪ್ಯಾಕು. ಮಗಳು ಮಾಡುತ್ತಾಳೆಂದು ಕಾದು ಕೂರುವುದು ನನ್ನಿಂದ ಆಗದು ಅಂದರು. ಮಂದಕ್ಕ ಒಬ್ಬೊಬ್ಬರ ಮಾತಿಗೂ ತಲೆಯಾಡಿಸುತ್ತಿದ್ದರು. ನನ್ನನ್ನು ಕೇಳಿದರೆ ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ ಅನ್ನಿಸುತ್ತಿತ್ತು. ಹೊರಡುವ ದಿನ ಹತ್ತಿರ ಬಂತು, ಯಾರೂ ಒಂದಿಂಚು ಜಗ್ಗಲಿಲ್ಲ. ಒಬ್ಬರ ಮಾತು ಮೀರಿ ಇನ್ನೊಬ್ಬರದನ್ನು ಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕೊನೆಗೆ ನಾನೇ, ದೊಡ್ಡ ಬುದ್ಧಿವಂತೆ, ಮೂರನ್ನೂ ಕೊಳ್ಳೋಣ ಅಂದೆ. ಒಂದೊಂದು ಪ್ಯಾಕೂ ಒಂದೊಂದು ವಾರದ್ದು. ಪ್ರವಾಸ ಮೂರು ವಾರದ್ದು. ಮೂರು ಪ್ಯಾಕು ಸೇರಿಸಿದರೆ ಮೂರು ವಾರ, ಜಗಳವೂ ಮುಗಿಯಿತು, ಲೆಕ್ಕವೂ ಸರಿಹೋಯಿತು. ಎಲ್ಲರೂ ಹೌದು ಹೌದು ಅಂದರು. ಅಷ್ಟು ಜನ ಒಟ್ಟಿಗೆ ಹೌದು ಅಂದದ್ದು ತಪ್ಪಾಗಲು ಸಾಧ್ಯವೇ?

ಹೊರಡುವ ಮುಂಜಾನೆ ಮಂದಕ್ಕನ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. ವಿಮಾನ ಹತ್ತುವ ಮೊದಲು ಆನ್ ಮಾಡಿಕೊಳ್ಳಿ, ಮರೆಯಬೇಡಿ ಎಂದು ದಸ್ತಗೀರ ಹೇಳಿ ಕಳಿಸಿದ್ದ. ಯಾವುದನ್ನು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೆಲಸ ಶುರು ಮಾಡುವಾಗ ಮನೆಯವರೆಲ್ಲ ಕೈ ಹಚ್ಚಬೇಕೆಂಬುದು ನಮ್ಮ ರಕ್ತದಲ್ಲೇ ಇದೆ. ಮಾವನವರು ಒಂದನ್ನು ಒತ್ತಿದರು, ನಮ್ಮವರು ಒಂದನ್ನು, ಶಾಲ್ಮಲಿ ಒಂದನ್ನು. ನಾನು ಪಕ್ಕದಲ್ಲಿ ನಿಂತು ಊದುಬತ್ತಿ ಹಚ್ಚಿದೆ. ಮೂರೂ ಆದವು ಎಂದು ಮೂರು ಮೆಸೇಜು ಬಂದವು, ಮಾವನವರ ಮುಖದಲ್ಲಿ ಮದುವೆಯ ಅಕ್ಷತೆ ಹಾಕಿದಷ್ಟು ಸಮಾಧಾನ.

ಮೊದಲ ವಾರದ ಸಂಭ್ರಮವನ್ನು ಏನು ಹೇಳಲಿ. ನಮ್ಮ ಸಂಜೆಗೆ ಅಲ್ಲಿ ಮಧ್ಯಾಹ್ನವಂತೆ, ಬಸ್ಸಿನಲ್ಲಿ ಕೂತಿರುವ ಹೊತ್ತು. ನೀರು ಮರಳುತ್ತಿದ್ದಂತೆ ಮಂದಕ್ಕನ ದನಿ ಬರುತ್ತಿತ್ತು. ಒಮ್ಮೆ ನಿಮಿಷದ್ದರಲ್ಲಿ, ಒಮ್ಮೆ ಆ್ಯಪಿನಲ್ಲಿ, ಒಮ್ಮೆ ಮಾವನವರು ತಾವೇ ಮಾಡಿ ಮಗಳೇ ಎಂದು ಕೂಗಿ. ಯಾವುದರಲ್ಲಿ ಬಂದರೂ ಒಲೆ ಕೇಳುತ್ತಿತ್ತು. ಹಾಕು ಎಂದು ಸುಮ್ಮನಾಗುತ್ತಿರಲಿಲ್ಲ ಅವರು. ಮನೆಯಲ್ಲಿ ಇಷ್ಟು ವರ್ಷ ಆಡದ ಮಾತೆಲ್ಲ ಅಲ್ಲಿಂದ ಆಡಿದರು. ಹಸುವಿಗೆ ನಿಜವಾಗಿಯೂ ಕೊರಳ ಗಂಟೆ ಇದೆಯಂತೆ, ಅದರ ಸದ್ದನ್ನು ಫೋನಿನಲ್ಲಿ ಕೇಳಿಸಿದರು. ಹಿಮ ಮುಟ್ಟಿದರೆ ಉರಿಯುತ್ತದಂತೆ. ಕೆರೆ ನೋಡಿದ ದಿನ ಹಾಕು ಅಂದವರೇ, ದಾರ ಸಿಗೂದಿಲ್ಲ ಬಿಡು ಅಂಬುಜಾ, ಆ ನೀಲಿಗೆ ದಾರ ಇಲ್ಲ ಅಂದರು. ನನಗೆ ಯಾಕೋ ಕಣ್ಣಲ್ಲಿ ನೀರು ಬಂತು. ಗಂಜಿಯ ಹಬೆ ಎಂದು ಸೆರಗಿನಿಂದ ಒರೆಸಿಕೊಂಡೆ.

ವಾರ ಕಳೆದ ಮೊದಲ ಸಂಜೆ ಫೋನು ಬರಲಿಲ್ಲ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಇರಲಿಕ್ಕಿಲ್ಲ ಎಂದು ನಮ್ಮವರು ಅಂದರು. ಮಾವನವರು ಮಾಡಿದರು. ಯಾರೋ ಹೆಂಗಸು ಏನೋ ಹೇಳಿದಳು, ಅದು ಯಾವ ಭಾಷೆಯೋ ಗೊತ್ತಾಗಲಿಲ್ಲ. ಅಕ್ಕಿ ಬೇಯಲಿಲ್ಲ. ರೊಟ್ಟಿ ತಟ್ಟಿದೆ, ಉಂಡೆವು. ಬೆಳಗ್ಗೆ ನೋಡಿದರೆ ಮಂದಕ್ಕನ ಮೆಸೇಜು. ಹಗಲೆಲ್ಲ ಬಸ್ಸು, ಹೋಟೆಲು ಮುಟ್ಟುವುದು ರಾತ್ರಿಗೇ, ಅಲ್ಲಿನ ಕೋಣೆಯ ವೈಫೈನಿಂದ ಕಳಿಸಿದ್ದರು. ಆ ಹೊತ್ತಿಗೆ ಇಲ್ಲಿ ಎಲ್ಲರೂ ಮಲಗಿದ್ದೆವು, ಒಲೆ ಆರಿ ಯಾವ ಕಾಲವಾಗಿತ್ತೋ. ಪ್ಯಾಕು ಮುಗಿದಿದೆ ಅಂತ ಬಂದಿದೆ, ಒಂದಲ್ಲ, ಮೂರೂ ಮುಗಿದಿವೆಯಂತೆ, ಇದು ಹೇಗೆ ಎಂದು ಕೇಳಿದ್ದರು.

ಹೇಗೆ ಎಂದು ನಮಗೂ ತಿಳಿಯಲಿಲ್ಲ. ದಸ್ತಗೀರನ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಅವನು ನಮ್ಮ ಕತೆ ಕೇಳಿ ಮೊದಲು ನಕ್ಕ, ನಮ್ಮ ಮುಖ ನೋಡಿ ನಿಲ್ಲಿಸಿದ. ಮೂರನ್ನೂ ಒಂದೇ ಸಲ ಆನ್ ಮಾಡಿದರೆ ಮೂರೂ ಒಂದೇ ಸಲ ಓಡುತ್ತವಂತೆ, ಒಂದೇ ಸಲ ಮುಗಿಯುತ್ತವಂತೆ. ಒಂದು ಮುಗಿಯಲಿ ಎಂದು ಇನ್ನೊಂದು ಕಾಯುವುದಿಲ್ಲವಂತೆ. ಮೂರು ಒಲೆಯ ಮೇಲೆ ಮೂರು ಪಾತ್ರೆ ಒಟ್ಟಿಗೆ ಇಟ್ಟರೆ ಮೂರು ದಿನದ ಅಡುಗೆಯಾದೀತೇ ವೈನಿ ಎಂದು ನನ್ನನ್ನೇ ಕೇಳಿದ. ಹೇಳಿದ ಮೇಲೆ ಎಷ್ಟು ಸರಳ. ಹಾಗಾದರೆ ಈಗ ನಾಲ್ಕನೆಯದನ್ನು ಹಾಕು ಅಂದೆವು. ಅವನು ಒತ್ತಿದ, ಮತ್ತೆ ಒತ್ತಿದ. ಒಂದು ನಂಬರಿಗೆ ತಿಂಗಳಿಗೆ ಮೂರೇ ಪ್ಯಾಕು ಎಂದು ಬಂತು. ಕಂಪನಿಗೆ ಫೋನು ಹಚ್ಚಿದ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ ಎಂದು ಒತ್ತಿಸಿ ಒತ್ತಿಸಿ ಕೊನೆಗೆ ಒಬ್ಬ ಸಿಕ್ಕ. ಬಹಳ ಮರ್ಯಾದೆಯಿಂದ ಮಾತಾಡಿದ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಅಂದ. ನನಗೆ ಪಿತ್ತ ನೆತ್ತಿಗೇರಿ, ಏನು ಅರ್ಥವಾಗಿದೆ ಹೇಳು ನೋಡೋಣ ಎಂದು ಕೇಳಿದೆ. ಅವನು ಮತ್ತೆ ಅದೇ ಮಾತು ಹೇಳಿದ.

ಎರಡನೆಯ ಸಂಜೆಯೂ ಅಕ್ಕಿ ಹಾಗೇ ಉಳಿಯಿತು. ಅಂದು ಮಂದಕ್ಕ ಪ್ರವಾಸದವರ ಫೋನು ಇಸಿದುಕೊಂಡು ಮಾಡಿದ್ದರು. ಒಲೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಮಾಡಿದ್ದರು, ನಾನೂ ಗೊತ್ತಿದ್ದೂ ಫೋನನ್ನು ಪಾತ್ರೆಯ ಹತ್ತಿರ ಹಿಡಿದೆ. ಅವರು ಹಾಕು, ಹಾಕು, ಹಾಕು ಎಂದು ಕೂಗಿದರು. ಅಕ್ಕಿ ಅಲ್ಲಾಡಲಿಲ್ಲ. ಅಲ್ಲಿಯದೇ ಒಂದು ಸಿಮ್ ಕೊಳ್ಳುತ್ತೇನೆ, ಅದು ನನ್ನ ಸ್ವಂತದ್ದಾಗುತ್ತದಲ್ಲ ಎಂದು ಹೇಳಿ ಇಟ್ಟರು. ಮರುದಿನ ಅಲ್ಲಿ ಭಾನುವಾರ. ಭಾನುವಾರ ಆ ಊರುಗಳಲ್ಲಿ ಒಂದು ಸೂಜಿ ಬೇಕೆಂದರೂ ಅಂಗಡಿ ತೆರೆದಿರುವುದಿಲ್ಲವಂತೆ. ಅದರ ಮರುದಿನವೂ ಏನೋ ಅವರ ಹಬ್ಬ. ಮಂಗಳವಾರ ದೊಡ್ಡ ಪಟ್ಟಣಕ್ಕೆ ಬಸ್ಸು ಹೋಗುತ್ತದೆ, ಅಲ್ಲಿ ಸಿಗುತ್ತದೆ ಎಂದು ಪ್ರವಾಸದವರು ಹೇಳಿದರಂತೆ. ಸೋಮವಾರ ನಮ್ಮ ನಾಲ್ಕನೆಯ ಸಂಜೆ.

ಭಾನುವಾರ, ಮೂರನೆಯ ಸಂಜೆಯೂ ಬೇಯದ ಅಕ್ಕಿಯನ್ನು ಬಸಿದು ಹಿತ್ತಲಿಗೆ ಚೆಲ್ಲಿದೆ. ಸೋಮವಾರ ಬೆಳಗ್ಗೆ ಮಂದಕ್ಕನ ಮೆಸೇಜು ಬಂತು. ಅದರಲ್ಲಿ ಪ್ಯಾಕಿನ ಮಾತೇ ಇರಲಿಲ್ಲ. ನನ್ನ ಹೊಲಿಗೆ ಯಂತ್ರವನ್ನು ಪಡಸಾಲೆಗೆ ತಂದಿಡಿ, ಬಂದ ಮೇಲೆ ನಾನು ಅಲ್ಲೇ ಇರುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಕೆರೆ ನೋಡಿ ಆಯಿತು ಎಂದಿತ್ತು. ನಮ್ಮವರು ಅದನ್ನು ಓದಿ ಎದ್ದು ಹೊರಗೆ ಹೋದರು. ನಾನು ಯಂತ್ರಕ್ಕೆ ಕೈ ಹಚ್ಚಲಿಲ್ಲ. ನನಗೆ ಸಿಟ್ಟು ಬಂದಿತ್ತು, ದಸ್ತಗೀರನ ಮೇಲೆ, ಕಂಪನಿಯ ಮೇಲೆ, ಊಟಕ್ಕೆ ಗಡಿ ದಾಟುವ ಬಸ್ಸಿನ ಮೇಲೆ, ಮೂರನ್ನೂ ಕೊಳ್ಳೋಣ ಎಂದ ನನ್ನ ಮೇಲೆ.

ಸಂಜೆಯಾಯಿತು. ಅಕ್ಕಿ ತೊಳೆದೆ. ನೀರಿಟ್ಟೆ. ಎಲ್ಲರೂ ಬಂದು ಕೂತರು. ದಿನವೂ ಮೊದಲು ಹಾಕು ಅನ್ನುವವರು ಮಾವನವರು, ಹಿರಿಯರು ಅಂದ ಮೇಲೆ ಉಳಿದವರು ಅನ್ನುವುದು ಪದ್ಧತಿ. ನೀರು ಮರಳಿತು, ಅಕ್ಕಿ ಹಾಕಿ ಅವರ ಮುಖ ನೋಡಿದೆ. ಅವರು ಒಲೆಯನ್ನೇ ನೋಡುತ್ತ ಕೂತಿದ್ದರು.

"ಅಕಿ ಬಂದ ದಿನಾ ನಾ ಬಾಗಿಲದಾಗ ಸುಮ್ಮನ ನಿಂತಿದ್ದೆ," ಅಂದರು. "ಬಾ ಅನಬೇಕಾಗಿತ್ತು, ಅನಲಿಲ್ಲ. ಇವತ್ತೂ ಸುಮ್ಮನ ಇರತೀನಿ. ಅಕಿನ್ನ ಬಿಟ್ಟು ಬೇಯೂ ಅನ್ನ ನನಗ ಬ್ಯಾಡ."

ಅಷ್ಟು ಹೇಳಿ ಹೆಗಲ ಮೇಲಿನ ಟವೆಲಿನ ಚುಂಗನ್ನು ಬಾಯಿಗೆ ತುರುಕಿಕೊಂಡರು, ಅಭ್ಯಾಸಬಲದಿಂದ ಎಲ್ಲಿ ಹಾಕು ಎಂದುಬಿಡುತ್ತೇನೋ ಎಂಬ ಹೆದರಿಕೆಗೆ. ನಮ್ಮವರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಬಾಯಿ ಮುಚ್ಚಿದರು. ಶಾಲ್ಮಲಿ ಏನೋ ಕೇಳಲು ಹೊರಟವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನಂತೂ ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನೆ ಕೂತವಳಲ್ಲ.

ಹೀಗೆ ಮಾಡಿದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಮನೆಯವರೆಲ್ಲ ಒಲೆಯ ಮುಂದೆ ಕೂತು ಬಾಯಿ ಬಿಡದಿದ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾವ ಮನೆಯಲ್ಲಾದರೂ ಒಬ್ಬರಲ್ಲ ಒಬ್ಬರು ಹಸಿವಿಗೋ ಹೆದರಿಕೆಗೋ ಅಂದೇಬಿಡುತ್ತಾರೆ. ಒಲೆ ನಮ್ಮೆಲ್ಲರನ್ನೂ ಬಿಡುತ್ತದೆಯೇ? ಅಥವಾ ಹಳೆಯ ಲೆಕ್ಕದಂತೆ ನಾಲ್ಕನೆಯ ಸಂಜೆ ಎಂದು ನಾವು ಅನ್ನದಿದ್ದರೂ ಬೇಯಿಸಿಬಿಡುತ್ತದೆಯೇ? ಅಕ್ಕಿ ಇಟ್ಟಿದ್ದೇವೆ, ಆದರೆ ಹಾಕು ಅಂದಿಲ್ಲ, ಇದನ್ನು ಇಟ್ಟದ್ದೆನ್ನುವುದೋ ಇಡದ್ದೆನ್ನುವುದೋ? ಮೇಲಿನ ಓಣಿಯ ಖಾಲಿ ಮನೆ ಕಣ್ಣ ಮುಂದೆ ಬಂತು. ಅಕ್ಕಪಕ್ಕದ ಕಿಟಕಿಗಳಿಂದ ಹಾಕು ಹಾಕು ಎಂದು ಕೇಳುತ್ತಿತ್ತು, ಒಂದೊಂದೇ ಮನೆಯಿಂದ ಬೆಂದ ಅನ್ನದ ವಾಸನೆ ಬರತೊಡಗಿತು. ನಮ್ಮ ಪಾತ್ರೆಯಲ್ಲಿ ನೊರೆ ಎದ್ದಿತು. ಮುಚ್ಚಳ ಟಕಟಕ ಕುಣಿಯಿತು. ಇಷ್ಟು ದಿನ ಅಕ್ಕಿ ಬೇಯಲಿ ಎಂದು ದೇವರನ್ನು ಬೇಡಿದವಳು ಅವತ್ತು ಬೇಯದಿರಲಿ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಎಷ್ಟು ಹೊತ್ತಾಯಿತೋ. ನೀರು ಇಂಗುತ್ತ ಬಂದಾಗ ಸೌಟಿನಿಂದ ನಾಲ್ಕು ಕಾಳು ತೆಗೆದೆ. ಬೆರಳಿನಲ್ಲಿ ಹಿಚುಕಲು ಧೈರ್ಯವಾಗಲಿಲ್ಲ. ಮಾವನವರ ಕಡೆ ಚಾಚಿದೆ. ಅವರು ಒಂದು ಕಾಳನ್ನು ತೆಗೆದುಕೊಂಡು ಒತ್ತಿದರು, ಮತ್ತೆ ಒತ್ತಿದರು, ಆಮೇಲೆ ಟವೆಲನ್ನು ಬಾಯಿಂದ ತೆಗೆದು ಕಾಳನ್ನು ಹಲ್ಲಿಗೆ ಹಾಕಿ ಕಡಿದರು. ಕಟಕ್ ಎಂದು ಸದ್ದಾಯಿತು. ಮುದುಕರು ನಗಲು ಶುರುಮಾಡಿದರು, ನಮ್ಮವರೂ ನಕ್ಕರು, ಶಾಲ್ಮಲಿ ನನ್ನ ಕೊರಳಿಗೆ ಬಿದ್ದಳು. ಕಲ್ಲಿನಂಥ ಅಕ್ಕಿಯನ್ನು ಕಂಡು ಅಷ್ಟು ಸಂತೋಷಪಟ್ಟ ಮನೆ ಇನ್ನೊಂದಿರಲಿಕ್ಕಿಲ್ಲ. ಅವಲಕ್ಕಿಗೆ ಮೊಸರು ಕಲಸಿ ಉಂಡೆವು.

ಆದರೂ ಅದಕ್ಕೆ ಅರ್ಥವೇನೆಂದು ನಮಗೆ ತಿಳಿದಿರಲಿಲ್ಲ. ಒಲೆ ಮಂದಕ್ಕನನ್ನು ಇಟ್ಟುಕೊಂಡಿತೋ, ಇಲ್ಲ ನಮ್ಮನ್ನೆಲ್ಲ ಬಿಟ್ಟು ಸುಮ್ಮನಾಯಿತೋ. ಮಂಗಳವಾರ ಇಡೀ ದಿನ ಅದೇ ಗೊಂದಲ. ಸಂಜೆ ನೀರಿಟ್ಟು ಕೂತಿದ್ದಾಗ ಯಾವುದೋ ಉದ್ದನೆಯ ನಂಬರಿನಿಂದ ಫೋನು ಬಂತು. ಸ್ಪೀಕರ್ ಹಾಕಿ ಒಲೆಯ ಹತ್ತಿರ ಹಿಡಿದೆ.

"ಅಂಬುಜಾ, ನಾ ಮಂದಕ್ಕ," ಹೊಸ ಸಿಮ್ಮಿನಿಂದ ಅವರ ದನಿ ಬಂತು, ಪರರ ಮನೆಯ ಬಾಗಿಲಲ್ಲಿ ನಿಂತು ಕರೆದ ಹಾಗೆ. "ನಿನ್ನೆ ಅನ್ನ ಬೆಂತೇನು?"

"ಇಲ್ರಿ ಅಕ್ಕಾರ," ಅಂದೆ. "ನಾವ್ ಯಾರೂ ಹಾಕು ಅನಲಿಲ್ಲ. ಮಾವಾರು ಬಾಯಾಗ ಟವೆಲ್ ಇಟ್ಕೊಂಡಿದ್ರು."

ಅತ್ತ ಕಡೆಯಿಂದ ಬಸ್ಸಿನ ಸದ್ದು, ಯಾರೋ ನಗುವುದು, ಆಮೇಲೆ ಮಂದಕ್ಕ ಮೂಗು ಎಳೆದುಕೊಂಡ ಸದ್ದು ಕೇಳಿತು. ನೀರು ಮರಳಿ ಉಕ್ಕುತ್ತಿತ್ತು, ಅಕ್ಕಿ ಇನ್ನೂ ಮೊರದಲ್ಲೇ ಇತ್ತು. ಹೊಸ ಸಿಮ್ಮಿನಲ್ಲಿ ಎಷ್ಟು ನಿಮಿಷವಿದೆಯೋ, ಯಾವ ಪ್ಯಾಕೋ, ಯಾವಾಗ ಮುಗಿಯುತ್ತದೋ ನನಗೇನು ಗೊತ್ತು. ನಮ್ಮವರು ಬೇಗ ಹಾಕು ಅನ್ನಲು ಹೇಳು ಎಂದು ಕೈಸನ್ನೆ ಮಾಡಿದರು. ನಾನು ಹೇಳಲಿಲ್ಲ, ಮೊದಲು ಅವರು ಅತ್ತು ಮುಗಿಸಲಿ. ನಿಮಿಷಗಳು ಓಡುತ್ತಿದ್ದವು, ಓಡಲಿ ಎಂದು ಬಿಟ್ಟೆ.